ವಸಡು ಊದಿದರೆ ಸುಮ್ನೆ ಮಾತ್ರೆ ಬೇಡ

ಮಾನ್ಯ ಸಂಪಾದಕರೇ,

ವಸಡು ಊದಿದರೆ ವೈದ್ಯರ ಚೀಟಿ ಇಲ್ಲದೆಯೇ ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯೋಟಿಕ್ ಕೊಂಡು ನುಂಗುವ ಅಭ್ಯಾಸ ನಮ್ಮಲ್ಲಿ ಜಾಸ್ತಿಯಾಗಿದೆ. ನಮ್ಮ ತಾಯಿಯೂ ಹೀಗೇ ನಾಲ್ಕು ಅಮಾಕ್ಸಿಸಿಲಿನ್ ತಂದು ಎರಡು ನುಂಗಿದರು. ನೋವು ಇಳಿಯಿತೆಂದು ಉಳಿದೆರಡನ್ನು ದೇವರ ಗೂಡಿನಲ್ಲಿ ಎತ್ತಿಟ್ಟರು. ತಿಂಗಳೊಳಗೆ ಬ್ರಷ್ ಮೇಲೆ ಮತ್ತೆ ರಕ್ತ. ಹೀಗೆ ವಸಡು ಊದಲು ಕಾರಣವಾಗುವ, ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಗಟ್ಟಿಯಾದ ಪಾಚಿಯನ್ನು ಯಾವ ಮಾತ್ರೆಯೂ ಕರಗಿಸದು. ಹಲ್ಲಿನ ವೈದ್ಯರು ಸ್ಕೇಲಿಂಗ್ ಮಾಡಿಯೇ, ಅಂದರೆ ಉಪಕರಣದಿಂದ ಕೆರೆದೇ ತೆಗೆಯಬೇಕು. ಅದರಿಂದ ಹಲ್ಲು ಸಡಿಲವಾಗುತ್ತದೆ ಎಂಬುದು ಬರೀ ಭಯ. ಅಮಾಕ್ಸಿಸಿಲಿನ್ ಷೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಮಾರುವಂತಿಲ್ಲ. ಬೇಕಾಬಿಟ್ಟಿ ನುಂಗಿದರೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದೆ ಹೋಗಬಹುದು, ಅಲ್ವಾ? ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವನ್ನು ಸ್ಕೇಲಿಂಗ್‌ಗೆಂದೇ ಮೀಸಲಿಡಲಿ. ಆ ದಿನ ಯಾವುದೆಂದು ಮೆಡಿಕಲ್ ಶಾಪ್‌ಗಳ ಮುಂದೆಯೇ ಬೋರ್ಡ್ ಹಾಕಿಸಲಿ.

– ಒಬ್ಬ ಓದುಗ, ಹಾಸನ