ಗೋಡೆ ಕಡೆ ತಿರುಗಿ ಮಲಗಬೇಡ

ದಾವಣಗೆರೆ

ಚಿ. ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಕೆಲಸ ಹೋದ ವಿಷಯ ನಿಮ್ಮಪ್ಪ ಹೇಳಿದ್ದ. ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, ‘ನಿದ್ದೆ ಬರಲ್ಲ, ಸವಿತಾಗೆ ಗೊತ್ತಾಗಬಾರದು ಅಂತ ಕಣ್ಣು ಮುಚ್ಚಿಕೊಂಡು ಮಲಗಿರ್ತೀನಿ’ ಅಂತ, ಅದು ನನ್ನನ್ನು ಬಿಡುತ್ತಿಲ್ಲ. ಎಷ್ಟು ರಾತ್ರಿ ಆಯ್ತಪ್ಪಾ ಹೀಗೆ?

ನಮ್ಮ ಮಿಲ್ಲಿನ ಬಾಗಿಲು ಹಾಕಿದಾಗ ನಾನೂ ಹಾಗೇ ಮಲಗಿರುತ್ತಿದ್ದೆ. ಸೈರನ್ ನಿಂತುಹೋಗಿತ್ತು. ಆದರೂ ಮೊದಲ ಪಾಳಿಯ ಹೊತ್ತಿಗೆ ಎಚ್ಚರ ಆಗುತ್ತಿತ್ತು. ಗೋಡೆ ಕಡೆ ತಿರುಗಿ, ಉಸಿರನ್ನು ಉದ್ದಕ್ಕೆ ಎಳೆದು ಬಿಡುತ್ತಿದ್ದೆ, ನಿದ್ದೆಯಲ್ಲಿದ್ದೀನಿ ಅಂತ ತಿಳಿದುಕೊಳ್ಳಲಿ ಎಂದು. ಎಷ್ಟೋ ವರ್ಷದ ಮೇಲೆ ನಿನ್ನ ದೊಡ್ಡಮ್ಮ ಹೇಳಿದಳು, ‘ನಿದ್ದೆ ಬಂದ್ರೆ ನೀವು ಗೊರಕೆ ಹೊಡೀತೀರಿ. ಆಗ ಗೊರಕೆನೇ ಇರಲಿಲ್ಲ.’ ಅವಳೂ ಎಚ್ಚರ ಇರುತ್ತಿದ್ದಳಂತೆ. ಕೇಳಿದರೆ ನಾನು ಸಿಡುಕುತ್ತೀನಿ ಅಂತ ಕೇಳಲಿಲ್ಲವಂತೆ. ಆ ಮಾತು ಈಗಲೂ ಚುಚ್ಚುತ್ತೆ ಕಣೋ.

ಆಗ ಡಾಕ್ಟರೊಬ್ಬರು ಒಂದು ಅಭ್ಯಾಸ ಕಲಿಸಿದ್ದರು. ಸುಮಾರು ನೂರು ವರ್ಷದ ಹಿಂದೆ ಜೇಕಬ್‌ಸನ್ ಅನ್ನುವ ಅಮೆರಿಕದ ಡಾಕ್ಟರು ಕಂಡುಕೊಂಡಿದ್ದಂತೆ. ಪಾದದಿಂದ ಶುರು ಮಾಡಿ ಒಂದೊಂದೇ ಭಾಗವನ್ನು ಐದು ಎಣಿಸುವವರೆಗೆ ಬಿಗಿ ಹಿಡಿದು, ಪೂರ್ತಿ ಸಡಿಲ ಬಿಡುವುದು. ಮೀನಖಂಡ, ಹೊಟ್ಟೆ, ಮುಷ್ಟಿ, ಹೆಗಲು, ಆಮೇಲೆ ದವಡೆ. ದವಡೆ ಸಡಿಲ ಬಿಟ್ಟಾಗಲೇ ನನಗೆ ಗೊತ್ತಾಗಿದ್ದು, ದಿನವೆಲ್ಲ ಹಲ್ಲು ಕಚ್ಚಿಕೊಂಡೇ ಇದ್ದೆ ಅಂತ. ನೋವಿರುವ ಕಡೆ ಬಿಗಿ ಮಾಡಬೇಡ. ಇದರಿಂದ ಕೆಲಸ ಸಿಗುತ್ತೆ ಅಂತ ಹೇಳುತ್ತಿಲ್ಲ. ಇಷ್ಟಕ್ಕೇ ಪತ್ರ ಬರೆದರಾ ಅಂದುಕೊಳ್ಳಬೇಡ.

ಆದರೆ ಅದನ್ನೂ ಕತ್ತಲಲ್ಲಿ ಕದ್ದು ಮಾಡಬೇಡಪ್ಪಾ. ನಿದ್ದೆ ಬರದಿದ್ದರೆ ಹೊರಳಾಡುತ್ತಾ ಬಿದ್ದಿರಬೇಡ. ಎದ್ದು ಹಾಲ್‌ನಲ್ಲಿ ಕೂತುಕೋ. ನಾಲ್ಕು ಎಣಿಸುತ್ತಾ ಉಸಿರು ತಗೋ, ಆರು ಎಣಿಸುತ್ತಾ ಬಿಡು. ತಲೆ ಸುತ್ತಿದರೆ ನಿಲ್ಲಿಸು. ಫೋನ್ ಮಾತ್ರ ಮುಟ್ಟಬೇಡ, ಆ ಹೊತ್ತಿನಲ್ಲಿ ಕೆಲಸ ಹುಡುಕಿ ಏನೂ ಆಗಬೇಕಿಲ್ಲ. ಬೆಳಗ್ಗೆ ಏಳುವ ಹೊತ್ತು ತಪ್ಪಿಸಬೇಡ. ನಾನು ಅದನ್ನೂ ತಪ್ಪಿಸಿದ್ದೆ.

ಬದುಕೇ ಬೇಡ ಅಂತ ಯಾವತ್ತಾದರೂ ಅನ್ನಿಸಿದರೆ, ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೀನಿ, ಮನಸ್ಸಿನ ಕಷ್ಟಕ್ಕೆ ಅಂತ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಾ ನನಗೆ ಮಾಡು. ನಡುರಾತ್ರಿ ಆದರೂ ಸರಿ.

ಇವತ್ತು ಎಚ್ಚರ ಆದರೆ ಸವಿತಾ ಕಡೆ ತಿರುಗಿ, ಮೆಲ್ಲಗೆ ಒಂದು ಸಲ ಹೆಸರು ಹಿಡಿದು ಕರಿ. ಅವಳೂ ಎಚ್ಚರ ಇರಬಹುದು.

ನಿನ್ನ ದೊಡ್ಡಪ್ಪ