ನೂರು ಚೆಂಡಿನ ಬ್ಲಾಸ್ಟರ್ ಎಂದು ಮಾರಿ, ಅರವತ್ತೈದು ಚೆಂಡು ಹಿಡಿಯುವುದನ್ನು ಕಳುಹಿಸಿದ ಬಗ್ಗೆ ದೂರು

ಇವರಿಂದ:
ಕಾರ್ಯದರ್ಶಿ, ಬಡಾವಣೆಯ ಯುವಕ ಸಂಘ,
ಕುವೆಂಪುನಗರ, ಮೈಸೂರು

ಇವರಿಗೆ:
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಆಟಿಕೆ ಮಾರಾಟ ಸಂಸ್ಥೆ, ಬೆಂಗಳೂರು

ವಿಷಯ: 100 ಚೆಂಡುಗಳ ಸಾಮರ್ಥ್ಯವೆಂದು ಮಾರಿದ ಫೋಮ್ ಬಾಲ್ ಬ್ಲಾಸ್ಟರ್‌ಗಳು (ಮೆತ್ತನೆಯ ಚೆಂಡು ಹಾರಿಸುವ ಆಟಿಕೆ ಬಂದೂಕುಗಳು) ವಿವರಣೆಗೆ ತಕ್ಕಂತಿಲ್ಲದಿರುವುದು, ಹಣ ಮರುಪಾವತಿ ಮತ್ತು ಮಾರಾಟ ಪುಟದ ತಿದ್ದುಪಡಿ ಕೋರಿ.

ಮಾನ್ಯರೇ,

ನಮ್ಮ ಸಂಘವು ಬೇಸಿಗೆ ರಜೆಯಲ್ಲಿ ಹೈಸ್ಕೂಲು ಮತ್ತು ಪಿಯುಸಿ ಓದುವ ಮಕ್ಕಳಿಗೆ ಏರ್ಪಡಿಸುವ ಅಣಕು ಕಾಳಗದ ಆಟಕ್ಕೆಂದು ತಮ್ಮ ಸಂಸ್ಥೆಯಿಂದ ಆರು ಬ್ಯಾಟರಿಚಾಲಿತ ಫೋಮ್ ಬಾಲ್ ಬ್ಲಾಸ್ಟರ್‌ಗಳನ್ನೂ ಅವುಗಳ ಜೊತೆಗೆ ಹೆಚ್ಚುವರಿ ಚೆಂಡುಗಳ ಪೊಟ್ಟಣಗಳನ್ನೂ ತರಿಸಿಕೊಂಡಿದೆ. ಬಿಲ್ಲಿನ ಪ್ರತಿ, ಆರ್ಡರಿನ ವಿವರ ಮತ್ತು ಖರೀದಿಯ ದಿನ ತಮ್ಮ ಮಾರಾಟ ಪುಟದಲ್ಲಿದ್ದ ವಿವರಣೆಯ ಚಿತ್ರವನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದ ಸಾಮರ್ಥ್ಯ ಈ ಬ್ಲಾಸ್ಟರ್‌ಗಳಿಗೆ ಇಲ್ಲ. ಹೊಂದುತ್ತವೆಂದು ಮಾರಿದ ಹೆಚ್ಚುವರಿ ಚೆಂಡುಗಳು ಹೊಂದುವುದಿಲ್ಲ. ಎಷ್ಟು ವಯಸ್ಸಿನ ಮಕ್ಕಳಿಗೆ ಎಂಬ ವಿಷಯದಲ್ಲಿ ಪುಟ ಒಂದು ಹೇಳಿದರೆ ಪೆಟ್ಟಿಗೆ ಇನ್ನೊಂದು ಹೇಳುತ್ತದೆ. ಈ ಕುರಿತು ಫೋನಿನಲ್ಲಿಯೂ ಇಮೇಲಿನಲ್ಲಿಯೂ ದೂರಿದಾಗ ತಮ್ಮ ಕಸ್ಟಮರ್ ಕೇರ್ ಸಿಬ್ಬಂದಿ ರಿಟರ್ನ್ ಅವಧಿ ಮುಗಿದಿದೆ ಎಂದು ಹೇಳಿ ವಿಷಯವನ್ನು ಅಲ್ಲಿಗೇ ಮುಗಿಸಿದ್ದಾರೆ. ಆದ್ದರಿಂದ ವಿವರವಾಗಿ ಬರೆಯಬೇಕಾಗಿ ಬಂದಿದೆ.

ಈ ಆಟಕ್ಕೆ ಬ್ಲಾಸ್ಟರ್ ಆರಿಸುವವರು ಮೊದಲು ನೋಡುವುದೇ ಅದರಲ್ಲಿ ಒಂದು ಸಲಕ್ಕೆ ಎಷ್ಟು ಚೆಂಡು ತುಂಬಬಹುದು ಎಂಬುದನ್ನು. ಎರಡು ತಂಡಗಳಲ್ಲಿ ಒಂದು ಕೋಟೆ ಕಾಯುತ್ತದೆ, ಇನ್ನೊಂದು ನುಗ್ಗುತ್ತದೆ; ಮುಂದೆ ಓಡುವವರಿಗೆ ಹಗುರವಾದ, ಏಳೋ ಹನ್ನೆರಡೋ ಚೆಂಡು ಹಿಡಿಯುವ ಬ್ಲಾಸ್ಟರ್ ಸಾಕು, ಆದರೆ ಅವರ ಬೆನ್ನಿಗೆ ನಿಂತು ಎದುರಾಳಿ ತಲೆ ಎತ್ತದಂತೆ ಒಂದೇ ಸಮನೆ ಹಾರಿಸುವವನಿಗೆ ದೊಡ್ಡ ಹಾಪರ್, ಅಂದರೆ ಚೆಂಡು ತುಂಬುವ ಡಬ್ಬಿ, ಇರುವ ಬ್ಲಾಸ್ಟರೇ ಬೇಕು. ಅವನು ನಡುವೆ ನಿಲ್ಲಿಸಿ ಚೆಂಡು ತುಂಬಲು ಕುಳಿತರೆ ಮುಂದೆ ಹೋದವರೆಲ್ಲ ಔಟಾಗುತ್ತಾರೆ. ಈ ಬಗೆಯ ಚೆಂಡಿನ ಬ್ಲಾಸ್ಟರ್‌ಗಳನ್ನು ಹೆಸರುವಾಸಿ ಮಾಡಿದ ಹ್ಯಾಸ್ಬ್ರೊ ಕಂಪನಿಯ ನೆರ್ಫ್ ರೈವಲ್ ಸರಣಿಯಲ್ಲಿ ಸಾಮರ್ಥ್ಯ ಮಾದರಿಯ ಹೆಸರಿನಲ್ಲಿಯೇ ಇರುತ್ತದೆ (ಅಂಕಿಯನ್ನು ನೂರರಿಂದ ಭಾಗಿಸಬೇಕು, ಕೆ ಎಂದರೆ ಸಾವಿರ): 2015ರಲ್ಲಿ ಬಂದ ಅಪೊಲೊ ಮಾದರಿಯ 700 ಎಂದರೆ ಏಳು ಚೆಂಡು, ಜೀಯಸ್ ಮಾದರಿಯ 1200 ಎಂದರೆ ಹನ್ನೆರಡು, 2017ರ ನೆಮೆಸಿಸ್ ಮಾದರಿಯ 10ಕೆ ಎಂದರೆ ನೂರು, ಅದರ ಮುಂದಿನ ವರ್ಷದ ಪ್ರೊಮಿಥಿಯಸ್ ಮಾದರಿಯ 20ಕೆ ಎಂದರೆ ಇನ್ನೂರು. ಅಂದರೆ ಸಾಮರ್ಥ್ಯದ ಅಂಕಿ ಎಂಬುದು ಈ ಕ್ಷೇತ್ರದಲ್ಲಿ ಮನಸ್ಸಿಗೆ ಬಂದಂತೆ ಹಾಕುವ ಅಲಂಕಾರವಲ್ಲ. ಒಮ್ಮೆ ತುಂಬಿ, ಮುಚ್ಚಳ ಹಾಕಿ, ಹಾರಿಸಬಹುದಾದ ಚೆಂಡುಗಳ ಲೆಕ್ಕ ಅದು. ಆಡುವವರೂ ಕೊಳ್ಳುವವರೂ ಅದನ್ನು ಹಾಗೆಯೇ ಓದುತ್ತಾರೆ, ನಾವೂ ಹಾಗೆಯೇ ಓದಿದ್ದೇವೆ.

ತಮ್ಮ ಬ್ಲಾಸ್ಟರಿನ ಹಾಪರ್‌ನಲ್ಲಿ, ಅದರೊಡನೆ ತಾವೇ ಕೊಟ್ಟ ಚೆಂಡುಗಳನ್ನು ಒತ್ತದೆ ತುಂಬಿ ಮುಚ್ಚಳ ಹಾಕಿದರೆ, ಅರವತ್ತೈದರ ಆಸುಪಾಸಿನಲ್ಲಿ ತುಂಬಿಹೋಗುತ್ತದೆ. ಆರು ಬ್ಲಾಸ್ಟರ್‌ಗಳಲ್ಲಿಯೂ ಇದೇ ಆಗಿರುವುದರಿಂದ ಒಂದು ತುಂಡಿನ ದೋಷ ಎನ್ನುವಂತಿಲ್ಲ. ಇದು ತುಂಬುವವರ ಕೈಗುಣವಿರಬಹುದು ಎಂದು ತಮ್ಮ ಸಿಬ್ಬಂದಿ ಹೇಳಿದ್ದರಿಂದ ಲೆಕ್ಕ ಹಾಕಿಯೂ ನೋಡಿದೆವು. ಚೆಂಡನ್ನು ವರ್ನಿಯರ್‌ನಲ್ಲಿ ಅಳೆದರೆ ಅಡ್ಡಳತೆ 22 ಮಿಲಿಮೀಟರ್ ಬರುತ್ತದೆ. ಆ ಲೆಕ್ಕದಲ್ಲಿ ಒಂದು ಚೆಂಡಿನ ಘನಗಾತ್ರ ಸುಮಾರು ಐದೂವರೆ ಘನ ಸೆಂಟಿಮೀಟರ್, ನೂರು ಚೆಂಡಿಗೆ 550. ದುಂಡನೆಯ ವಸ್ತುಗಳನ್ನು ಸುಮ್ಮನೆ ಸುರಿದಾಗ ನಡುವೆ ಸಂದು ಉಳಿದೇ ಉಳಿಯುತ್ತದೆ, ಪಾತ್ರೆಯ ಶೇ. 60ರಷ್ಟು ಜಾಗವನ್ನು ಮಾತ್ರ ಅವು ತುಂಬುತ್ತವೆ. ಆದ್ದರಿಂದ ನೂರು ಚೆಂಡಿಗೆ 900 ಮಿಲಿಲೀಟರಿಗೂ ಮಿಕ್ಕ ಹಾಪರ್ ಬೇಕು. ಹಾಪರನ್ನು ಬಿಚ್ಚಿ, ಕೆಳಗಿನ ಬಾಯಿಗೆ ಟೇಪು ಸುತ್ತಿ, ಅಡುಗೆಮನೆಯ ಅಳತೆ ಲೋಟದಲ್ಲಿ ನೀರು ಹೊಯ್ದರೆ ಅದು ಹಿಡಿಯುವುದು 600 ಮಿಲಿಲೀಟರ್. ಹತ್ತನೆಯ ತರಗತಿಯ ಹುಡುಗನೊಬ್ಬ ಮಾಡಬಹುದಾದ ಈ ಲೆಕ್ಕವನ್ನು ನೂರು ಎಂದು ಅಚ್ಚು ಹಾಕುವ ಮೊದಲು ಯಾರಾದರೂ ಮಾಡಿದ್ದರೆ ಈ ದೂರಿಗೆ ಕಾರಣವೇ ಇರುತ್ತಿರಲಿಲ್ಲ.

ಒತ್ತಿ ತುಂಬಿದರೆ ಎಪ್ಪತ್ತೈದರವರೆಗೂ ಹೋಗುತ್ತದೆ ನಿಜ. ಆದರೆ ಆಗ ಆಗುವುದನ್ನು ತಾವು ಕಣ್ಣಾರೆ ನೋಡಬೇಕು. ಹಾಪರಿನ ತಳದಲ್ಲಿ ತಿರುಗುವ ರೆಕ್ಕೆಯು ಚೆಂಡುಗಳನ್ನು ಒಂದೊಂದಾಗಿ ಕೆಳಕ್ಕೆ ಬಿಡಬೇಕು, ಅಲ್ಲಿಂದ ಅವು ಎರಡು ವೇಗದ ಚಕ್ರಗಳ ನಡುವೆ ಹೋಗಿ ಹೊರಕ್ಕೆ ಚಿಮ್ಮಬೇಕು. ಫೋಮ್ ಮೆತ್ತಗಿರುವುದರಿಂದ ಒತ್ತಿದ ಚೆಂಡುಗಳು ಒಂದಕ್ಕೊಂದು ಅಂಟಿದಂತೆ ನಿಂತು, ಹಿಟ್ಟಿನ ಗಿರಣಿಯ ಬಾಯಲ್ಲಿ ಧಾನ್ಯ ಕಟ್ಟಿಕೊಳ್ಳುವ ಹಾಗೆ, ರಂಧ್ರದ ಮೇಲೆ ಕಮಾನಾಗಿ ಕಟ್ಟಿಕೊಳ್ಳುತ್ತವೆ. ಮೋಟಾರು ಗುಂಯ್‌ಗುಡುತ್ತದೆ, ಚೆಂಡು ಮಾತ್ರ ಬೀಳುವುದಿಲ್ಲ. ಕೆಲವೊಮ್ಮೆ ಅರ್ಧ ಇಳಿದ ಚೆಂಡನ್ನು ರೆಕ್ಕೆ ಕತ್ತರಿಸಿಬಿಡುತ್ತದೆ. ಹೀಗೆ ಹೊರಬಂದ ಚೆಂಡುಗಳ ಪಕ್ಕದಲ್ಲಿ ಉಗುರಿನಿಂದ ಚಿವುಟಿದಂತಹ ಅರ್ಧಚಂದ್ರದ ಗಾಯವಿರುತ್ತದೆ, ಹಳದಿ ಫೋಮಿನ ಪುಡಿ ಚಕ್ರಗಳ ಅಂಚಿಗೆ ಮೆತ್ತಿಕೊಂಡಿರುತ್ತದೆ. ಅಂತಹ ಚೆಂಡುಗಳ ಫೋಟೊಗಳನ್ನು ಲಗತ್ತಿಸಿದ್ದೇನೆ, ಬೇಕೆಂದರೆ ಚೆಂಡುಗಳನ್ನೇ ಕಳುಹಿಸಿಕೊಡುತ್ತೇವೆ.

ಸಿಕ್ಕಿಕೊಂಡ ಚೆಂಡನ್ನು ತೆಗೆಯಲು ಕೈಯಲ್ಲಿ ತೆರೆಯುವ ಬಾಗಿಲು ಇದರಲ್ಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಬೇಕು. ಈ ವರ್ಗದ ಒಳ್ಳೆಯ ಬ್ಲಾಸ್ಟರ್‌ಗಳಲ್ಲಿ ಅಂತಹ ಬಾಗಿಲಿರುತ್ತದೆ, ಅದನ್ನು ತೆರೆದಾಗ ಮೋಟಾರು ತಾನೇ ನಿಲ್ಲುವ ವ್ಯವಸ್ಥೆಯೂ ಇರುತ್ತದೆ. ಏಕೆಂದರೆ ಆಟದ ಬಿರುಸಿನಲ್ಲಿ ಮಕ್ಕಳು ಸ್ಕ್ರೂಡ್ರೈವರ್ ಹುಡುಕುವುದಿಲ್ಲ, ಬೆರಳು ಹಾಕುತ್ತಾರೆ. ತಮ್ಮ ಬ್ಲಾಸ್ಟರಿನಲ್ಲಿ ಹಾಪರ್ ತೆಗೆದ ಮೇಲೂ ಟ್ರಿಗರ್ ಒತ್ತಿದರೆ ಒಳಗಿನ ರೆಕ್ಕೆ ತಿರುಗುತ್ತದೆ. ಇದನ್ನು ಕಂಡ ಕೂಡಲೇ ನಾವು ಆರನ್ನೂ ಆಟದಿಂದ ಹೊರಗಿಟ್ಟೆವು.

ಸಾಮರ್ಥ್ಯದ ಕುರಿತ ನಮ್ಮ ಹಿಂದಿನ ದೂರಿಗೆ ಉತ್ತರವಾಗಿ ತಮ್ಮ ಸಿಬ್ಬಂದಿ ಇಮೇಲಿನಲ್ಲಿ ಕೊಟ್ಟ ವಿವರಣೆಯೇ ನಮಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದಿದೆ. ಹಾಪರಿನಲ್ಲಿ ಹಿಡಿಯುವ ಚೆಂಡು ಮತ್ತು ಪೆಟ್ಟಿಗೆಯೊಳಗಿನ ಬಟ್ಟೆಯ ಚೀಲದಲ್ಲಿರುವ ಚೆಂಡು ಎರಡೂ ಸೇರಿ ನೂರು, ಆದ್ದರಿಂದ ನೂರರ ಸಾಮರ್ಥ್ಯ ಎಂಬುದು ಸರಿಯೇ ಎಂದು ಅವರು ಬರೆದಿದ್ದಾರೆ. ಪೆಟ್ಟಿಗೆಯಲ್ಲಿ ನೂರು ಚೆಂಡು ಇವೆ ಎಂಬುದನ್ನು ನಾವು ಅಲ್ಲಗಳೆದಿಲ್ಲ. ಆದರೆ ಪುಟದಲ್ಲಿರುವುದು ‘ಹಾಪರ್ ಸಾಮರ್ಥ್ಯ 100’ ಎಂಬ ಮಾತು. ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡ ಮಾತ್ರಕ್ಕೆ ಅದು ಹಾಪರ್ ಆಗುವುದಿಲ್ಲ.

ಬ್ಯಾಟರಿಯ ವಿಷಯವನ್ನು ಪುಟದಲ್ಲಿ ‘ಬ್ಯಾಟರಿ ಪ್ರತ್ಯೇಕ’ ಎಂಬ ಎರಡೇ ಪದಗಳಲ್ಲಿ ಮುಗಿಸಿದ್ದೀರಿ. ಪೆಟ್ಟಿಗೆ ಬಿಚ್ಚಿದ ಮೇಲೆ ತಿಳಿದದ್ದು, ಒಂದೊಂದಕ್ಕೂ ಆರು ಡಿ ಅಳತೆಯ ದೊಡ್ಡ ಸೆಲ್‌ಗಳು ಬೇಕು, ಅವೂ ಆಲ್ಕಲೈನ್ ಆಗಿರಬೇಕು ಎಂದು. ನಮ್ಮ ಊರಿನ ಅಂಗಡಿಗಳಲ್ಲಿ ದೊಡ್ಡ ಸೆಲ್ ಎಂದು ಕೇಳಿದರೆ ಸಿಗುವುದು ಟಾರ್ಚಿಗೆ ಹಾಕುವ ಸಾಧಾರಣ ಸತು-ಇಂಗಾಲದ ಸೆಲ್. ಮೋಟಾರುಗಳು ಒಮ್ಮೆಲೇ ಎಳೆಯುವಷ್ಟು ವಿದ್ಯುತ್ತನ್ನು ಅದು ಕೊಡಲಾರದು, ವೋಲ್ಟೇಜು ಕುಸಿದು ಚೆಂಡುಗಳು ಮುಂದಿರುವವನ ಕಾಲಬುಡದಲ್ಲಿ ಬೀಳುತ್ತವೆ. ಆಲ್ಕಲೈನ್ ಡಿ ಸೆಲ್ ಒಂದರ ತೂಕ ಸುಮಾರು 140 ಗ್ರಾಂ, ಆರು ಸೇರಿದರೆ ಎಂಟುನೂರು ಗ್ರಾಂ ದಾಟುತ್ತದೆ. ಹದಿನಾಲ್ಕರ ಹುಡುಗಿ ಅದನ್ನು ಹೊತ್ತು ಓಡಬೇಕು ಎಂಬುದು ಕೊಳ್ಳುವವರಿಗೆ ಮೊದಲೇ ತಿಳಿದಿದ್ದರೆ ಅವರು ಕೈಯಿಂದ ಎಳೆದು ಹಾರಿಸುವ ಸ್ಪ್ರಿಂಗ್ ಮಾದರಿಯನ್ನು ಆರಿಸಿಕೊಳ್ಳಬಹುದಿತ್ತು. ಪುಟದಲ್ಲಿ ‘ಐಚ್ಛಿಕ’ ಎಂದು ತೋರಿಸಿದ್ದ ಚಾರ್ಜ್ ಮಾಡುವ ಬ್ಯಾಟರಿ ತಮ್ಮ ಅಂಗಡಿಯಲ್ಲಿ ಇಲ್ಲವೇ ಇಲ್ಲ ಎಂದು ಆಮೇಲೆ ತಿಳಿಯಿತು.

ಹೆಚ್ಚುವರಿ ಚೆಂಡುಗಳ ಪೊಟ್ಟಣದ ಮೇಲೆ ‘ಎಲ್ಲ ಹೈ ಕೆಪಾಸಿಟಿ ಬಾಲ್ ಬ್ಲಾಸ್ಟರ್‌ಗಳಿಗೆ ಹೊಂದುತ್ತದೆ’ ಎಂದಿದೆ. ಅಂತಹ ಚೆಂಡು ಇರಲು ಸಾಧ್ಯವೇ ಇಲ್ಲ. ರೈವಲ್ ಅಳತೆಯ ದೊಡ್ಡ ಚೆಂಡುಗಳು ಒಂದು ಬಗೆ. 2021ರಲ್ಲಿ ಬಂದ ನೆರ್ಫ್ ಹೈಪರ್ ಸರಣಿಯ ಚಿಕ್ಕ ಚೆಂಡುಗಳು ಬೇರೆ ಬಗೆ. ಒಂದರ ಚೆಂಡು ಇನ್ನೊಂದರಲ್ಲಿ ನಡೆಯುವುದಿಲ್ಲ. ತಾವು ಕಳುಹಿಸಿದ ಪೊಟ್ಟಣದ ಚೆಂಡುಗಳ ಅಡ್ಡಳತೆ 14 ಮಿಲಿಮೀಟರ್. 22 ಮಿಲಿಮೀಟರಿನ ಚೆಂಡಿಗೆಂದು ಅಂತರವಿಟ್ಟ ಚಕ್ರಗಳಿಗೆ ಅವು ತಾಗುವುದೇ ಇಲ್ಲ, ಬ್ಲಾಸ್ಟರನ್ನು ಕೆಳಮುಖ ಮಾಡಿದರೆ ನಳಿಕೆಯಿಂದ ತಾವಾಗಿ ಉರುಳಿ ಬೀಳುತ್ತವೆ. ಮೈದಾನದಲ್ಲಿ ಆಡುವಾಗ ಚೆಂಡು ಕಳೆದುಹೋಗುವುದು, ಹರಿಯುವುದು, ತುಳಿತಕ್ಕೆ ಸಿಕ್ಕು ಆಕಾರ ಕೆಡುವುದು ಸಹಜ. ಸರಿಯಾದ ಅಳತೆಯ ಚೆಂಡು ಮತ್ತೆ ಸಿಗದಿದ್ದರೆ ಎಂತಹ ದೊಡ್ಡ ಹಾಪರ್ ಇದ್ದೂ ಉಪಯೋಗವಿಲ್ಲ.

ಈಗ ವಯಸ್ಸಿನ ಮಾತು. ಇದನ್ನು ತಾವು ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ತಮ್ಮ ಪುಟ ‘8 ವರ್ಷ ಮೇಲ್ಪಟ್ಟ ಮಕ್ಕಳಿಗೆ’ ಎನ್ನುತ್ತದೆ, ಪೆಟ್ಟಿಗೆಯ ಬದಿಯಲ್ಲಿ ಸಣ್ಣಕ್ಷರದಲ್ಲಿ 14+ ಎಂದಿದೆ. ಪೆಟ್ಟಿಗೆಯ ಮೇಲೆಯೇ ಸೆಕೆಂಡಿಗೆ 100 ಅಡಿ, ಅಂದರೆ ಸುಮಾರು 30 ಮೀಟರ್ ವೇಗವೆಂದು ಬರೆದಿದೆ; ಆ ವೇಗದಲ್ಲಿ ಹತ್ತಿರದಿಂದ ಬಂದ ಚೆಂಡು ಕಣ್ಣಿಗೆ ಬಡಿದರೆ ಫೋಮ್ ಎಂಬ ಸಮಾಧಾನ ಉಳಿಯುವುದಿಲ್ಲ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಬೇಕೆಂಬ ಒಂದು ಸಾಲು ಕೂಡ ಪುಟದಲ್ಲಿಲ್ಲ. ನಮ್ಮಲ್ಲಿ ಕನ್ನಡಕವಿಲ್ಲದೆ ಯಾರನ್ನೂ ಆಟಕ್ಕೆ ಬಿಡುವುದಿಲ್ಲ, ಆದರೆ ಹುಟ್ಟುಹಬ್ಬದ ಉಡುಗೊರೆಯೆಂದು ಮೂರನೆಯ ತರಗತಿಯ ಮಗುವಿಗೆ ಇದನ್ನು ಕೊಳ್ಳುವ ತಂದೆ ತಾಯಿ ತಮ್ಮ ಪುಟವನ್ನೇ ನಂಬುತ್ತಾರೆ.

ಇದರಲ್ಲಿ ಕಾನೂನಿನ ಪ್ರಶ್ನೆಯೂ ಇದೆ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾರುವ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ಕಡ್ಡಾಯ. ವಿದ್ಯುತ್ತಿನಿಂದ ನಡೆಯುವ ಆಟಿಕೆಗಳಿಗೆ ಅನ್ವಯಿಸುವುದು ಐಎಸ್ 15644 ಎಂಬ ಮಾನಕ. ಪೆಟ್ಟಿಗೆಯ ಆರೂ ಮುಖಗಳಲ್ಲಿ ಹುಡುಕಿದರೂ ಅಂತಹ ಗುರುತಾಗಲಿ ಪರವಾನಗಿ ಸಂಖ್ಯೆಯಾಗಲಿ ನಮಗೆ ಕಾಣಲಿಲ್ಲ. ಎಂಟು ವರ್ಷದ ಮಕ್ಕಳಿಗೆ ಮಾರುವುದಾದರೆ ಆ ಗುರುತು ಇರಬೇಕು. ದೊಡ್ಡವರ ವಸ್ತು ಎನ್ನುವುದಾದರೆ ಪುಟದಲ್ಲಿ ಎಂಟು ಎಂದು ಬರೆಯಬಾರದು. ಇವೆರಡರಲ್ಲಿ ತಮ್ಮ ನಿಲುವು ಯಾವುದು ಎಂಬುದನ್ನು ಲಿಖಿತವಾಗಿ ತಿಳಿಸಬೇಕು.

ರಿಟರ್ನ್ ಅವಧಿ ಮುಗಿದಿದೆ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ಆರನೆಯ ನಿಯಮದಂತೆ, ಸರಕು ದೋಷಯುಕ್ತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳನ್ನು ಹೊಂದಿಲ್ಲದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಇದು ಬಣ್ಣ ಹಿಡಿಸಲಿಲ್ಲವೆಂದು ಹಿಂದಿರುಗಿಸುವ ಮಾತಲ್ಲ. ವಸ್ತುವಿನ ಪ್ರಮಾಣದ ಬಗ್ಗೆ ಸುಳ್ಳು ಖಾತರಿ ಕೊಡುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(28)ರ ಅರ್ಥದಲ್ಲಿ ದಾರಿ ತಪ್ಪಿಸುವ ಜಾಹೀರಾತು ಎಂಬುದನ್ನೂ ಗಮನಕ್ಕೆ ತರುತ್ತಿದ್ದೇನೆ. ಅದೇ ನಿಯಮಗಳಂತೆ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸುವುದೂ ಒಂದು ತಿಂಗಳೊಳಗೆ ಪರಿಹರಿಸುವುದೂ ಕುಂದುಕೊರತೆ ಅಧಿಕಾರಿಗಳ ಹೊಣೆ.

ಆದ್ದರಿಂದ ಆರು ಬ್ಲಾಸ್ಟರ್‌ಗಳ ಹಾಗೂ ಹೊಂದದ ಚೆಂಡಿನ ಪೊಟ್ಟಣಗಳ ಪೂರ್ತಿ ಹಣವನ್ನು, ಸಾಗಣೆ ವೆಚ್ಚ ಕಡಿತ ಮಾಡದೆ, ಹಿಂದಿರುಗಿಸಬೇಕೆಂದೂ ಸಾಮಾನುಗಳನ್ನು ತಮ್ಮ ಖರ್ಚಿನಲ್ಲಿಯೇ ನಮ್ಮ ವಿಳಾಸದಿಂದ ಒಯ್ಯಬೇಕೆಂದೂ ಕೋರುತ್ತೇನೆ. ಬದಲಿ ಬ್ಲಾಸ್ಟರ್ ಕಳುಹಿಸುವ ಪ್ರಸ್ತಾಪ ನಮಗೆ ಬೇಡ, ಹಾಪರಿನ ಅಳತೆ ಬದಲಾಗದೆ ಬದಲಿಯಿಂದ ಪ್ರಯೋಜನವಿಲ್ಲ. ಹಣದಷ್ಟೇ ಮುಖ್ಯವಾಗಿ, ಮಾರಾಟ ಪುಟದಲ್ಲಿ ಹಾಪರ್ ನಿಜವಾಗಿ ಹಿಡಿಯುವ ಚೆಂಡುಗಳ ಸಂಖ್ಯೆ, ಚೆಂಡಿನ ಅಡ್ಡಳತೆ, ಬೇಕಾದ ಸೆಲ್‌ಗಳ ಬಗೆ ಮತ್ತು ಎಣಿಕೆ, ಪೆಟ್ಟಿಗೆಯಲ್ಲಿರುವ ವಯಸ್ಸಿನ ಮಿತಿ ಮತ್ತು ಕಣ್ಣಿನ ರಕ್ಷಣೆಯ ಸೂಚನೆ ಸ್ಪಷ್ಟವಾಗಿ ಕಾಣುವಂತೆ ತಿದ್ದಬೇಕು; ಎಂಟು ವರ್ಷ ಎಂಬುದನ್ನು ನೋಡಿ ಈಗಾಗಲೇ ಕೊಂಡವರಿಗೆ ತಮ್ಮಲ್ಲಿರುವ ಇಮೇಲ್ ವಿಳಾಸಗಳ ಮೂಲಕ ಎಚ್ಚರಿಕೆ ಕಳುಹಿಸಬೇಕು. ಇದು ತಮಗೆ ಒಂದು ದಿನದ ಕೆಲಸ.

ಒಂದು ತಿಂಗಳೊಳಗೆ ಪರಿಹಾರ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಕಾಯ್ದೆಯ ಕಲಂ 35ರಡಿ ಮೈಸೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮೊರೆ ಹೋಗುತ್ತೇವೆ. ಐಎಸ್‌ಐ ಗುರುತಿನ ವಿಷಯವನ್ನು ಮಾನಕ ಬ್ಯೂರೋಗೆ ಪ್ರತ್ಯೇಕವಾಗಿ ಬರೆಯುತ್ತೇವೆ. ಆರು ಬ್ಲಾಸ್ಟರ್‌ಗಳೂ ಅವುಗಳ ಮೂಲ ಪೆಟ್ಟಿಗೆಯಲ್ಲಿಯೇ ಇವೆ. ತಮ್ಮ ಕಡೆಯವರು ಬಂದು ಪರೀಕ್ಷಿಸುವುದಾದರೆ ಸಂಜೆ ಐದರ ನಂತರ ಸಂಘದ ಕಚೇರಿಯಲ್ಲಿ ತೋರಿಸಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಘದ ಪರವಾಗಿ)