ಮಗಳಿಗೊಂದು ಪತ್ರ: ಉಪ್ಪು ನೋಡಿದವಳು ನೀನು

ಅಡಿಸ್ ಅಬಾಬ
ಡಿಸೆಂಬರ್ 26, 2025

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಜನವರಿ 7ಕ್ಕೆ, ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರ ಕ್ರಿಸ್ಮಸ್ಸಿಗೂ ರಜೆ ಹಾಕುತ್ತೇನೆ ಅಂದಿದ್ದಕ್ಕೆ ಹಾಸ್ಟೆಲಿನ ಹುಡುಗಿಯರು, "ಇವತ್ತು ತಾನೇ ಕ್ರಿಸ್ಮಸ್ ಆಯ್ತಲ್ಲ, ನೀನು ಆರ್ಥೊಡಾಕ್ಸ್ ಕೂಡ ಅಲ್ಲ, ಅದು ನಿನ್ನ ಹಬ್ಬ ಹೇಗಾಗುತ್ತೆ?" ಅಂದರಂತೆ. ಹಾಗಾದರೆ ಹಬ್ಬ ಯಾರದು ಅಂತ ನೀನು ನಗುತ್ತಲೇ ಕೇಳಿದೆ. ಆದರೆ ನಿನ್ನ ದನಿ ನನಗೆ ಗೊತ್ತಿಲ್ವಾ? ಅಷ್ಟರಲ್ಲಿ ಲೈನ್ ಕಟ್ಟಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

2013ರಲ್ಲಿ ನಾವು ಇಲ್ಲಿಗೆ ಮಿಷನ್ ಸೇವೆಗೆ ಬಂದಾಗ ನಿನಗೆ ಆರು ವರ್ಷ. ಮೊದಲ ಡಿಸೆಂಬರ್ 25 ನೆನಪಿದೆಯಾ? ಇಥಿಯೋಪಿಯಾದಲ್ಲಿ ಅದು ಮಾಮೂಲಿ ದಿನ. ಅಪ್ಪ ಬೆಳಿಗ್ಗೆ ಎದ್ದು ಶಾಲೆಗೆ ಪಾಠ ಮಾಡೋಕೆ ಹೋದರು. ಬೀದಿಯಲ್ಲಿ ಒಂದು ನಕ್ಷತ್ರವೂ ತೂಗಿರಲಿಲ್ಲ. ನಾನು ಹಟ ಹಿಡಿದವಳ ಹಾಗೆ ಕೋಳಿ ಬೇಯಿಸಿದೆ. ಬೆಣ್ಣೆ, ಮೊಟ್ಟೆ ಹಾಕಿ ಕೇಕ್ ಮಾಡಿದೆ. ನಿನ್ನ ಕೈ ಹಿಡಿದುಕೊಂಡು ತಟ್ಟೆ ಸಮೇತ ಪಕ್ಕದ ಮನೆ ಬಾಗಿಲು ತಟ್ಟಿದೆ.

ಬಾಗಿಲು ತೆಗೆದವರು ಎಮಾಮ. ಅಜ್ಜಿಯನ್ನು ಹಾಗೆ ಕರೆಯಬೇಕು ಅಂತ ನೀನು ಆಗಲೇ ಕಲಿತಿದ್ದೆ, ನಿನ್ನ ಮೊದಲ ಅಮ್ಹಾರಿಕ್ ಮಾತು ಅದೇ ಅಲ್ವಾ. ಅವರು ತಟ್ಟೆ ನೋಡಿದರು. ಎದೆ ಮೇಲೆ ಕೈಯಿಟ್ಟು ತಲೆ ಬಾಗಿಸಿ, "ತ್ಸೋಮ್" ಅಂದರು. ನನಗೆ ಅರ್ಥವಾಗಲಿಲ್ಲ. ಐದು ವರ್ಷದ ಮೊಮ್ಮಗನನ್ನು ಕರೆದು ಅವನ ಕೈಗೆ ಒಂದು ತುಂಡು ಕೇಕ್ ಕೊಟ್ಟರು. ಉಳಿದದ್ದೆಲ್ಲ ನನ್ನ ಜೊತೆ ವಾಪಸ್ ಬಂತು. ಅವತ್ತು ರಾತ್ರಿ ನಾನು ತುಂಬಾ ಅತ್ತೆ. ಇವರಿಗೆ ನಾವು ಬೇಡ ಅಂತಲೇ ಅಂದುಕೊಂಡಿದ್ದೆ.

ಆಮೇಲೆ ನಮ್ಮ ಸಭೆಯ ಒಬ್ಬ ಅಕ್ಕ ಬಿಡಿಸಿ ಹೇಳಿದರು. ತ್ಸೋಮ್ ಅಂದರೆ ಉಪವಾಸ. ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ನವೆಂಬರ್ ಕೊನೆಯಿಂದ 43 ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಮುಟ್ಟುವುದಿಲ್ಲ. ಜನವರಿ 7ಕ್ಕೆ ಯೇಸುಸ್ವಾಮಿ ಹುಟ್ಟಿದ ಹಬ್ಬ, ಗೆನ್ನ. ಅವತ್ತೇ ಉಪವಾಸ ಬಿಡೋದು. ಏಳು ವರ್ಷ ತುಂಬದ ಮಕ್ಕಳಿಗೆ ಮಾತ್ರ ಈ ಕಟ್ಟು ಇಲ್ಲ. ಕೇಕ್ ಮೊಮ್ಮಗನಿಗೆ ಯಾಕೆ ಹೋಯಿತು ಅಂತ ಆಗ ತಿಳಿಯಿತು. ನನ್ನ ತಟ್ಟೆಗೆ ಅವಮಾನ ಆಗಬಾರದು ಅಂತ, ಆ ಮನೆಯಲ್ಲಿ ತಿನ್ನಬಹುದಾದ ಒಬ್ಬನನ್ನು ಹುಡುಕಿ ತಿನ್ನಿಸಿದ್ದರು.

ಇನ್ನು ಜನವರಿ 6. ಎಮಾಮ ತಾವೇ ಬಂದು ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದುಕೊಂಡು ಹೋದರು. ಇಲ್ಲಿನ ಹಬ್ಬದ ಕೋಳಿ ಸಾರು, ಡೋರೋ ವತ್ ಮಾಡೋದನ್ನು ನಾನು ಮೊದಲು ನೋಡಿದ್ದು ಅವತ್ತು. ಈರುಳ್ಳಿಯ ರಾಶಿ. ಅದನ್ನು ಸಣ್ಣಗೆ, ಇನ್ನೂ ಸಣ್ಣಗೆ ಹೆಚ್ಚಬೇಕು. ಎಣ್ಣೆ ಇಲ್ಲ, ಬರೀ ಈರುಳ್ಳಿ, ಸಣ್ಣ ಉರಿ. ತಳ ಹಿಡಿಯುವ ಹೊತ್ತಿಗೆ ಒಂದು ಚಮಚ ನೀರು, ಮತ್ತೆ ಕೈಯಾಡಿಸೋದು. ಅದು ಕರಗಿ ಕಂದು ಬಣ್ಣಕ್ಕೆ ತಿರುಗೋಕೆ ಗಂಟೆಗಟ್ಟಲೆ ಬೇಕಾಯಿತು. ಆಮೇಲೆ ಬೆರ್ಬೆರೆ ಖಾರ, ಮಸಾಲೆ ಹಾಕಿ ಕಾಯಿಸಿದ ಬೆಣ್ಣೆ. ಕೋಳಿಯನ್ನು ನಿಂಬೆ, ಉಪ್ಪು ಹಾಕಿ ಎಷ್ಟು ಸಲ ತೊಳೆದರೋ! ಸರಿಯಾಗಿ 12 ತುಂಡು ಮಾಡಿ, ಎಣಿಸಿ, ಹನ್ನೆರಡು ಶಿಷ್ಯರು ಅಂತ ನಿನಗೆ ಬೆರಳಿನಲ್ಲಿ ತೋರಿಸಿದರು.

ಆದರೆ ಅಡುಗೆ ಮಾಡುವವರು ಉಪವಾಸದಲ್ಲಿದ್ದಾರೆ. ಉಪ್ಪು ನೋಡೋರು ಯಾರು? ನನ್ನ ಕಡೆ ಸೌಟು ಚಾಚಿದರು. 43 ದಿನ ಬಾಯಿ ಕಟ್ಟಿದವರ ಎದುರಿಗೆ ನಾನು ಹೇಗೆ ತಿನ್ನಲಿ? ನನ್ನಿಂದ ಆಗಲಿಲ್ಲ, ತಲೆ ಅಲ್ಲಾಡಿಸಿದೆ. ಆಗ ಎಮಾಮ ನಿನ್ನ ಅಂಗೈ ತೆಗೆದುಕೊಂಡು, ಸಾರನ್ನು ಊದಿ ಆರಿಸಿ, ಒಂದು ಹನಿ ಹಾಕಿದರು. ನೀನು ನೆಕ್ಕಿದೆ. ಕಣ್ಣಲ್ಲಿ ನೀರು ಬಂತು, ಅಷ್ಟು ಖಾರ. ಆದರೂ ಬೆರಳು ಚಿಟಿಕೆ ಮಾಡಿ, ಇನ್ನಷ್ಟು ಉಪ್ಪು ಅಂತ ತೋರಿಸಿದೆ. ಎಮಾಮ ಮಾತಾಡದೆ ಹಾಕಿದರು.

ಆ ರಾತ್ರಿ ಅವರು ಬಿಳಿ ನೆತೆಲಾ ಶಾಲು ಹೊದ್ದು ಚರ್ಚಿಗೆ ಹೋದವರು ಬಂದಿದ್ದು ಬೆಳಗಿನ ಜಾವ ಮೂರಕ್ಕೆ. ಹಬ್ಬದ ದಿನ ನೆಲಕ್ಕೆ ಹಸಿ ಹುಲ್ಲು ಹಾಸಿದ್ದರು. ಎಲ್ಲರಿಗೂ ದೋಸೆಯಂಥ ಒಂದೇ ದೊಡ್ಡ ಇಂಜೆರಾ. ಎಮಾಮ ಮೊದಲ ತುತ್ತನ್ನು ನಿನ್ನ ಬಾಯಿಗಿಟ್ಟರು. ಕಾಫಿ ಮೂರು ಸುತ್ತು ಬಂತು, ಮೂರನೆಯದು ಬೆರೆಕಾ, ಆಶೀರ್ವಾದದ್ದು. ಅದು ಮುಗಿಯೋವರೆಗೆ ಏಳಬಾರದು ಅಂತ ನಮಗೆ ಗೊತ್ತಿರಲಿಲ್ಲ. ಎದ್ದ ಅಪ್ಪನ ತೋಳು ಹಿಡಿದು ಕೂರಿಸಿದರು.

ಒಂದು ಮಾತು ನಿನಗೆ ಯಾವತ್ತೂ ಹೇಳಿಲ್ಲ. ಬರುವಾಗ, ಇಲ್ಲಿಗೆ ಸುವಾರ್ತೆ ಹೊತ್ತು ತರುತ್ತಿದ್ದೇವೆ ಅಂತ ನನ್ನ ಮನಸ್ಸಿನಲ್ಲಿತ್ತು. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯ ಎಷ್ಟು ಸಲ ಓದಿಸಿದ್ದೇನೆ. ರಥದಲ್ಲಿ ಕೂತು ಯೆಶಾಯನ ಪ್ರವಾದನೆ ಓದುತ್ತಿದ್ದ ಆ ಅಧಿಕಾರಿ ಐಥಿಯೋಪ್ಯದವನು ಅಂತ ಬಾಯಲ್ಲಿ ಹೇಳಿದ್ದೆ, ಎದೆಗೆ ಇಳಿದಿರಲಿಲ್ಲ. 4ನೇ ಶತಮಾನದಲ್ಲೇ ಇಲ್ಲಿನ ರಾಜ ಎಜಾನಾ ತನ್ನ ನಾಣ್ಯಗಳ ಮೇಲೆ ಶಿಲುಬೆ ಹಾಕಿಸಿದ್ದ. ಎಮಾಮನಿಗೂ ನಮಗೂ ಬೋಧನೆಯಲ್ಲಿ ವ್ಯತ್ಯಾಸ ಇದೆ, ಅದನ್ನು ನಾನು ಮುಚ್ಚಿಡಲ್ಲ. ಆದರೆ ಯೇಸುಸ್ವಾಮಿಯ ಹುಟ್ಟಿಗೆ 43 ದಿನ ಹಸಿದು ಕಾಯೋದು ಹೇಗೆ ಅಂತ ನಾನು ಕಲಿತದ್ದು ಅವರ ಅಡುಗೆಮನೆಯಲ್ಲಿ. ಇದನ್ನು ಮಿಷನ್ನಿಗೆ ಕಳಿಸುವ ವರದಿಯಲ್ಲಿ ಯಾವ ಕಾಲಮ್ಮಿನಲ್ಲಿ ಬರೆಯಲಿ?

ಈಸ್ಟರಿನ ಕಥೆಯೂ ನಿನಗೆ ಗೊತ್ತು. 2024ರಲ್ಲಿ ನಮ್ಮದು ಮಾರ್ಚ್ 31, ಇಲ್ಲಿನ ಫಾಸಿಕಾ ಮೇ 5. ಈ ವರ್ಷ ಏಪ್ರಿಲ್ 20ಕ್ಕೆ ಎರಡೂ ಒಂದೇ ದಿನ ಬಂತು. ನಸುಕಿನಲ್ಲಿ ಬಾಗಿಲು ಬಡಿದು ಎಮಾಮ "ಕ್ರಿಸ್ತೋಸ್ ತೆನೆಸ್ತ್ವಾಲ್" ಅಂದಾಗ, ನಿದ್ದೆಗಣ್ಣಿನ ಅಪ್ಪ ಕನ್ನಡದಲ್ಲೇ "ಹೌದು, ಎದ್ದಿದ್ದಾನೆ" ಅಂದರಲ್ಲ. ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ.

ಹಬ್ಬ ಯಾರದು ಅಂತ ಕೇಳಿದೆಯಲ್ಲ. ನಿನಗೆ ಏಳು ತುಂಬಿದ ವರ್ಷ ಎಮಾಮ ಸಾರಿನ ಸೌಟು ಹಿಡಿದು ಬಂದಾಗ ನೀನು ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು "ತ್ಸೋಮ್" ಅಂದೆ. ಯಾರೂ ನಿನಗೆ ಹೇಳಿಕೊಟ್ಟಿರಲಿಲ್ಲ. ಎಮಾಮ ಸೌಟು ಕೆಳಗಿಟ್ಟು ನಿನ್ನನ್ನು ಅಪ್ಪಿಕೊಂಡರು. ಇದನ್ನು ಆ ಹುಡುಗಿಯರಿಗೆ ಹೇಳು.

ನಿನ್ನೆಯ ಕೇಕನ್ನೂ ಎಂದಿನಂತೆ ಹಾಲು, ಮೊಟ್ಟೆ ಇಲ್ಲದೆ ಎಣ್ಣೆಯಲ್ಲೇ ಮಾಡಿದ್ದು. ಎಮಾಮ ಎರಡು ತುಂಡು ತಿಂದರು. ಈಗ ಅವರಿಗೆ ಮಂಡಿ ನೋವು ಜಾಸ್ತಿ, ಸ್ಟೂಲಿನ ಮೇಲೆ ಕೂತೇ ಈರುಳ್ಳಿ ಹೆಚ್ಚುತ್ತಾರೆ.

ರಜೆ ಹಾಕು, ಪುಟ್ಟಿ. ಊರಿಗೆ ಹೊರಟವರೊಬ್ಬರ ಕೈಯಲ್ಲಿ ಬೆರ್ಬೆರೆ ಪೊಟ್ಟಣ ಕಳಿಸಿದ್ದೇನೆ, ಎಮಾಮನೇ ಕಟ್ಟಿಕೊಟ್ಟದ್ದು. ಆ ಹುಡುಗಿಯರನ್ನೂ ಊಟಕ್ಕೆ ಕರೆ. ಈರುಳ್ಳಿಗೆ ಮಾತ್ರ ಅವಸರ ಮಾಡಬೇಡ. ಉಪ್ಪು ಯಾರು ನೋಡಿದರು ಅಂತ ಎಮಾಮ ಕೇಳೇ ಕೇಳುತ್ತಾರೆ, ಮರೆಯದೆ ಬರೆ.

ನಿನ್ನ
ಅಮ್ಮ